ತಡವಾದರೆ ಕಳೆಯುವುದು ಕೊನೆಯ ಹತ್ತು ವರ್ಷ
ನಿವೃತ್ತಿಗೆಂದು ಉಳಿಸುವವರಿಗೆ ಚಕ್ರಬಡ್ಡಿ ಯಾವಾಗ ದುಡಿಯುತ್ತದೆ, ಎಲ್ಲಿ ಕೈಕೊಡುತ್ತದೆ, ಇವತ್ತೇ ಏನು ಮಾಡಬಹುದು

ಅಟಲ್ ಪಿಂಚಣಿ ಯೋಜನೆಗೆ ವಂತಿಗೆಯ ಒಂದು ಪಟ್ಟಿ ಇದೆ. ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಕೇಳಿದರೆ ತೋರಿಸುತ್ತಾರೆ. ಒಂದು ಬದಿಗೆ ಯೋಜನೆಗೆ ಸೇರುವ ವಯಸ್ಸು, ಇನ್ನೊಂದು ಬದಿಗೆ ತಿಂಗಳಿಗೆ ಕಟ್ಟಬೇಕಾದ ಹಣ. 60 ತುಂಬಿದ ಮೇಲೆ ತಿಂಗಳಿಗೆ ₹5,000 ಪಿಂಚಣಿ ಬೇಕೆನ್ನುವವರ ಸಾಲನ್ನು ನೋಡಿ:

18ನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ ₹210
25ಕ್ಕೆ ಸೇರಿದರೆ ₹376
30ಕ್ಕೆ ಸೇರಿದರೆ ₹577
35ಕ್ಕೆ ಸೇರಿದರೆ ₹902
40ಕ್ಕೆ ಸೇರಿದರೆ ₹1,454

ಯಾವಾಗ ಸೇರಿದರೂ ಸಿಗುವುದು ಒಂದೇ. ತಾವಿರುವವರೆಗೆ ₹5,000, ಆಮೇಲೆ ಸಂಗಾತಿಗೆ ಅಷ್ಟೇ ಪಿಂಚಣಿ, ಇಬ್ಬರ ನಂತರ ನಾಮಿನಿಗೆ ₹8.5 ಲಕ್ಷ. ಕಟ್ಟುವ ಒಟ್ಟು ಹಣವನ್ನು ಮಾತ್ರ ಕೂಡಿಸಿ ನೋಡಿ. 18ಕ್ಕೆ ಸೇರಿದವರು 42 ವರ್ಷದಲ್ಲಿ ಕಟ್ಟುವುದು ₹1,05,840. 40ಕ್ಕೆ ಸೇರಿದವರು 20 ವರ್ಷದಲ್ಲಿ ಕಟ್ಟುವುದು ₹3,48,960. ಅರ್ಧದಷ್ಟೂ ಇಲ್ಲದ ಅವಧಿಯಲ್ಲಿ ಮೂರು ಪಟ್ಟಿಗೂ ಹೆಚ್ಚು ಹಣ ಕಟ್ಟಿ ಪಡೆಯುವುದು ಅದೇ ಪಿಂಚಣಿ. ಮಿಕ್ಕಿದ್ದನ್ನು ಮೊದಲನೆಯವರ ಪರವಾಗಿ ಕಟ್ಟಿದ್ದು ಕಾಲ.

ಹತ್ತು ಸಾವಿರದ ಕಥೆ

ಚಕ್ರಬಡ್ಡಿ ಎಂದರೆ ಬಡ್ಡಿಗೂ ಬಡ್ಡಿ ಎಂಬುದು ಶಾಲೆಯಲ್ಲೇ ಕಲಿತ ಪಾಠ. ಆದರೆ ಅದು ಯಾವ ವರ್ಷ ಎಷ್ಟು ಕೊಡುತ್ತದೆ ಎಂದು ಬಿಡಿಸಿ ನೋಡಿದವರು ಕಡಿಮೆ. ₹10,000ವನ್ನು ಶೇ 8ರ ಬಡ್ಡಿಗೆ ಇಟ್ಟು 35 ವರ್ಷ ಮುಟ್ಟಲಿಲ್ಲ ಎಂದುಕೊಳ್ಳೋಣ. ಮೊದಲ ವರ್ಷದ ಬಡ್ಡಿ ₹800. ಹತ್ತನೆಯ ವರ್ಷದ ಬಡ್ಡಿ ಸುಮಾರು ₹1,600. ಇಪ್ಪತ್ತನೆಯ ವರ್ಷ ₹3,450. ಮೂವತ್ತೈದನೆಯ ವರ್ಷ, ಆ ಒಂದೇ ವರ್ಷದ ಬಡ್ಡಿ ₹10,950. ಇಟ್ಟ ಅಸಲಿಗಿಂತ ಹೆಚ್ಚು. ಅಷ್ಟು ಹೊತ್ತಿಗೆ ಗಂಟು ₹1.48 ಲಕ್ಷ ಮುಟ್ಟಿರುತ್ತದೆ. ಸರಳ ಬಡ್ಡಿಯಾಗಿದ್ದರೆ ₹38,000ಕ್ಕೆ ನಿಂತಿರುತ್ತಿತ್ತು.

ಈಗ ಅದೇ ಹಣವನ್ನು ಹತ್ತು ವರ್ಷ ತಡವಾಗಿ ಇಟ್ಟರು ಎನ್ನೋಣ. 25 ವರ್ಷಕ್ಕೆ ಸಿಗುವುದು ₹68,500. ‘ಹತ್ತು ವರ್ಷ ತಡವಾಯಿತು, ವರ್ಷಕ್ಕೆ ಎಂಟುನೂರರಂತೆ ಎಂಟು ಸಾವಿರ ಹೋಯಿತು, ಬಿಡು’ ಎಂದು ಮನಸ್ಸು ಸಮಾಧಾನ ಹೇಳುತ್ತದೆ. ಹೋಗಿದ್ದು ಎಂಟು ಸಾವಿರವಲ್ಲ, ಹತ್ತಿರ ಹತ್ತಿರ ಎಂಬತ್ತು ಸಾವಿರ. ನಿವೃತ್ತಿಯ ದಿನ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ತಡವಾಗಿ ಶುರು ಮಾಡಿದವರಿಗೆ ಆರಂಭದ ಬಡ ವರ್ಷಗಳು ಸಿಕ್ಕೇ ಸಿಗುತ್ತವೆ. ಕೊನೆಯಲ್ಲಿ ಬರಬೇಕಿದ್ದ ಸಿರಿವಂತ ವರ್ಷಗಳು ಸಿಗುವುದಿಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ತೆಂಗಿನ ಸಸಿ ನೆಟ್ಟವರಿಗೆ ಮೊದಲ ಐದಾರು ವರ್ಷ ನೀರು ಹಾಕುವುದೇ ಕೆಲಸ, ಕಾಯಿ ಕೀಳುವುದು ಆಮೇಲೆ. ಉಳಿತಾಯದ ಮೊದಲ ವರ್ಷಗಳೂ ಹಾಗೆಯೇ. ಪಾಸ್‌ಬುಕ್ ನೋಡಿದರೆ ಬೇಸರವಾಗುತ್ತದೆ. ಆ ಬೇಸರಕ್ಕೇ ಎಷ್ಟೋ ಜನ ಖಾತೆ ಮುಚ್ಚುತ್ತಾರೆ.

ಅಕ್ಕ ಮತ್ತು ತಮ್ಮ

ಒಂದು ಮನೆಯ ಲೆಕ್ಕ ಹಾಕೋಣ. ಅಕ್ಕ 25ನೇ ವಯಸ್ಸಿನಿಂದ ವರ್ಷಕ್ಕೆ ₹60,000, ಅಂದರೆ ತಿಂಗಳಿಗೆ ₹5,000ದ ಲೆಕ್ಕದಲ್ಲಿ ಉಳಿಸುತ್ತಾಳೆ. 35ಕ್ಕೆ ಮಕ್ಕಳಿಗಾಗಿ ಕೆಲಸ ಬಿಡುತ್ತಾಳೆ, ಕಟ್ಟುವುದೂ ನಿಲ್ಲುತ್ತದೆ. ಆದರೆ ಕೂಡಿಟ್ಟಿದ್ದನ್ನು ಮುಟ್ಟುವುದಿಲ್ಲ. ತಮ್ಮ ‘ಇನ್ನೂ ಟೈಮ್ ಇದೆ’ ಎನ್ನುತ್ತ 35ಕ್ಕೆ ಶುರು ಮಾಡಿ, 60ರವರೆಗೆ ಒಂದು ವರ್ಷವೂ ತಪ್ಪದೆ ಅಷ್ಟೇ ಹಣ ಕಟ್ಟುತ್ತಾನೆ. ಅಕ್ಕ ಕಟ್ಟಿದ್ದು ₹6 ಲಕ್ಷ, ತಮ್ಮ ಕಟ್ಟಿದ್ದು ₹15 ಲಕ್ಷ.

ಪ್ರತಿ ವರ್ಷದ ಆರಂಭದಲ್ಲಿ ಹಣ ಕಟ್ಟಿ, ಶೇ 8 ಸಿಕ್ಕಿತು ಎಂದು ಹಿಡಿದರೆ, 60ಕ್ಕೆ ಅಕ್ಕನ ಖಾತೆಯಲ್ಲಿ ಸುಮಾರು ₹64.3 ಲಕ್ಷ, ತಮ್ಮನ ಖಾತೆಯಲ್ಲಿ ₹47.4 ಲಕ್ಷ. ಇಲ್ಲಿ ಒಂದು ಎಚ್ಚರ ಬೇಕು. ಬಡ್ಡಿ ಶೇ 6 ಮಾತ್ರ ಸಿಕ್ಕಿದರೆ ಅಕ್ಕನಿಗೆ ₹36 ಲಕ್ಷ, ತಮ್ಮನಿಗೆ ₹34.9 ಲಕ್ಷ, ಅಂದರೆ ಹೆಚ್ಚುಕಡಿಮೆ ಸಮ. ಬಡ್ಡಿ ದರ ಹೆಚ್ಚಿದಷ್ಟೂ ಬೇಗ ಶುರು ಮಾಡಿದವರಿಗೆ ಲಾಭ ಹೆಚ್ಚು, ದರ ಇಳಿದರೆ ಲಾಭವೂ ಇಳಿಯುತ್ತದೆ. ಆದರೂ ₹6 ಲಕ್ಷ ಕಟ್ಟಿದವಳು ₹15 ಲಕ್ಷ ಕಟ್ಟಿದವನಿಗೆ ಸಮನಾಗಿ ನಿಲ್ಲುವುದು ಸಣ್ಣ ಮಾತಲ್ಲ. ಅಕ್ಕ ನಿಲ್ಲಿಸದೆ 60ರವರೆಗೂ ಕಟ್ಟಿದ್ದರೆ ಶೇ 8ರಲ್ಲಿ ಅವಳ ಗಂಟು ₹1.12 ಕೋಟಿ ಆಗುತ್ತಿತ್ತು.

ನಡುವೆ ಕೀಳುವುದೇ ದೊಡ್ಡ ನಷ್ಟ

ಬೇಗ ಶುರು ಮಾಡುವ ವಿಷಯದಲ್ಲಿ ನಮ್ಮ ಕಾರ್ಮಿಕರು ಹಿಂದೆ ಬಿದ್ದಿಲ್ಲ. ಪಿಎಫ್ ಇರುವ ಕಾರ್ಖಾನೆಗೆ ಇಪ್ಪತ್ತಕ್ಕೆ ಸೇರಿದ ಹುಡುಗಿಯ ಉಳಿತಾಯ ಇಪ್ಪತ್ತಕ್ಕೇ ಶುರುವಾಗಿರುತ್ತದೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ₹13,000 ಇದ್ದರೆ ಅವಳ ಪಾಲು ಶೇ 12, ಅಂದರೆ ₹1,560. ಮಾಲೀಕರೂ ಶೇ 12 ಕಟ್ಟುತ್ತಾರೆ. ಅದರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗಿ, ಉಳಿದ ಶೇ 3.67, ಸುಮಾರು ₹477, ಪಿಎಫ್ ಖಾತೆಗೆ ಬರುತ್ತದೆ. ಎರಡೂ ಸೇರಿ ತಿಂಗಳಿಗೆ ₹2,037.

ಸಂಬಳ ಒಂದು ರೂಪಾಯಿಯೂ ಏರಲಿಲ್ಲ, ಬಡ್ಡಿ ಶೇ 8 ಎಂದು ಬಿಗಿಯಾಗಿಯೇ ಲೆಕ್ಕ ಹಾಕೋಣ. (2023–24 ಮತ್ತು 2024–25ರ ಪಿಎಫ್ ಬಡ್ಡಿ ಶೇ 8.25.) ಇಪ್ಪತ್ತರಿಂದ 58ರವರೆಗೆ ಆ ಹಣ ಹಾಗೆಯೇ ಉಳಿದರೆ ಸುಮಾರು ₹56 ಲಕ್ಷ. ಅವಳು ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ಬಿಡಿಸಿಕೊಂಡು, 38ರಿಂದ ಮಾತ್ರ ಉಳಿಯಲು ಬಿಟ್ಟರೆ ಸುಮಾರು ₹11.6 ಲಕ್ಷ. ಅದೇ ದುಡಿಮೆ, ಅದೇ ಸಂಬಳ.

ಹಾಗಂತ ಬಿಡಿಸಿಕೊಂಡವರನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ಪೀಣ್ಯದ ಕಡೆಯ ರಸ್ತೆಗಳಿಗೆ ಇಳಿದದ್ದು ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧದ ಸಿಟ್ಟು ಅದು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಲೆಕ್ಕದ ಪ್ರಕಾರ ನಿಯಮದ ಉದ್ದೇಶ ಸರಿ ಎನ್ನಬಹುದು. ಆದರೆ ಮಗಳ ಮದುವೆ, ಮಗನ ಫೀಸು, ಆಸ್ಪತ್ರೆ, ಕೈಸಾಲ ಎಲ್ಲದಕ್ಕೂ ಇರುವುದು ಒಂದೇ ಗಂಟು ಎಂದಾದಾಗ, ಅದಕ್ಕೆ ಬೀಗ ಹಾಕಿದರೆ ಯಾರಾದರೂ ಬೀದಿಗೆ ಬರುತ್ತಾರೆ. ಆ ಮಹಿಳೆಯರು ಕಲಿಸಿದ ಪಾಠ ಇದು: ನಿವೃತ್ತಿಯ ಹಣ ಉಳಿಯಬೇಕಾದರೆ ಕಷ್ಟಕಾಲಕ್ಕೆ ಬೇರೆ ಹಣ ಇರಲೇಬೇಕು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಹೆಚ್ಚಿನ ಬಡ್ಡಿಯ ಸಾಲ ತೀರಿಸಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ, ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇ 42 ದಾಟುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಯದೂ ಇದೇ ಕಥೆ. ಯಾವ ಉಳಿತಾಯವೂ ಅಷ್ಟು ಕೊಡುವುದಿಲ್ಲ. ಎರಡನೆಯದು, ಮೂರರಿಂದ ಆರು ತಿಂಗಳ ಮನೆಖರ್ಚಿನಷ್ಟು ಹಣ ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಕೈಗೆ ಸಿಗುವಂತಿರಲಿ. ಮೂರನೆಯದು ಆರೋಗ್ಯ ವಿಮೆ. ಆದರೆ ಇವೆಲ್ಲ ಮುಗಿಯುವವರೆಗೆ ನಿವೃತ್ತಿಯ ಉಳಿತಾಯಕ್ಕೆ ಕಾಯಬೇಡಿ, ₹500 ಆದರೂ ಜೊತೆಜೊತೆಗೆ ಹೋಗಲಿ.

ಎಲ್ಲಿ ಕಟ್ಟಬೇಕು?

ಪಿಎಫ್: ಸಂಬಳದಾರರಿಗೆ ಇದೇ ಮೊದಲ ನೆಲೆ. ಕೆಲಸ ಬದಲಿಸಿದಾಗ ಹಣ ಬಿಡಿಸಿಕೊಳ್ಳದೆ, ಅದೇ ಯುಎಎನ್ (ಪಿಎಫ್ ಸದಸ್ಯತ್ವದ) ಸಂಖ್ಯೆಯಡಿ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಐದು ವರ್ಷದ ಸೇವೆ ತುಂಬುವ ಮೊದಲೇ ಬಿಡಿಸಿಕೊಂಡರೆ ತೆರಿಗೆಯೂ ಬೀಳಬಹುದು. ಪಿಎಫ್ ಜೊತೆಗಿನ ಪಿಂಚಣಿಗೆ ಕನಿಷ್ಠ ಹತ್ತು ವರ್ಷದ ಸೇವೆ ಬೇಕು, ಬಿಡಿಸಿಕೊಂಡರೆ ಆ ಎಣಿಕೆಯೂ ಕೈತಪ್ಪಬಹುದು. 30ನೇ ವಯಸ್ಸಿನಲ್ಲಿ ಬಿಡಿಸಿಕೊಂಡ ₹2 ಲಕ್ಷ, ಶೇ 8ರಲ್ಲಿ 60ಕ್ಕೆ ₹20 ಲಕ್ಷ ಆಗುತ್ತಿತ್ತು ಎಂಬುದನ್ನು ಅರ್ಜಿ ತುಂಬುವ ಮೊದಲು ಒಮ್ಮೆ ಯೋಚಿಸಿ.

ಪಿಪಿಎಫ್: ಅಂಗಡಿ ಇಟ್ಟವರು, ಕೃಷಿಕರು, ಗೃಹಿಣಿಯರು, ಯಾರು ಬೇಕಾದರೂ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬಹುದು. ವರ್ಷಕ್ಕೆ ಕನಿಷ್ಠ ₹500, ಗರಿಷ್ಠ ₹1.5 ಲಕ್ಷ. ತಿಂಗಳು ತಿಂಗಳು ಕಟ್ಟಬೇಕೆಂದಿಲ್ಲ, ಫಸಲು ಬಂದಾಗ ಒಟ್ಟಿಗೆ ಕಟ್ಟಿದರೂ ಸರಿ. 2020ರ ಏಪ್ರಿಲ್‌ನಿಂದ ಬಡ್ಡಿ ಶೇ 7.1 ಇದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ.

ಇಲ್ಲಿ ಪಾಸ್‌ಬುಕ್ಕಿನ ತಾರೀಖಿಗೆ ಬೆಲೆ ಇದೆ. ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿ ಲೆಕ್ಕ ಹಾಕುತ್ತಾರೆ. ಏಳಕ್ಕೋ ಎಂಟಕ್ಕೋ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ತೆರಿಗೆ ಉಳಿಸಲೆಂದು ಮಾರ್ಚ್ ಕೊನೆಯಲ್ಲಿ ₹1.5 ಲಕ್ಷ ಕಟ್ಟುವವರು ಅದನ್ನೇ ಆ ಆರ್ಥಿಕ ವರ್ಷದ ಮೊದಲಲ್ಲಿ, ಏಪ್ರಿಲ್ 5ರ ಒಳಗೆ ಕಟ್ಟಿದ್ದರೆ ₹10,650 ಬಡ್ಡಿ ಹೆಚ್ಚು ಸಿಗುತ್ತಿತ್ತು. ಪ್ರತಿ ವರ್ಷ ಹೀಗೆ ತಪ್ಪುವ ಬಡ್ಡಿಗೆ ಮುಂದೆ ಬರಬೇಕಿದ್ದ ಬಡ್ಡಿಯೂ ತಪ್ಪುತ್ತದೆ.

ಹದಿನೈದು ವರ್ಷಕ್ಕೆ ಪಿಪಿಎಫ್ ಮುಗಿಯಿತು ಎಂದು ಎಷ್ಟೋ ಜನ ಹಣ ತೆಗೆದು ಸೈಟೋ ಕಾರೋ ಕೊಳ್ಳುತ್ತಾರೆ. ವರ್ಷಕ್ಕೆ ₹60,000ದಂತೆ ಕಟ್ಟಿದವರ ಲೆಕ್ಕ ನೋಡಿ. 15 ವರ್ಷಕ್ಕೆ ₹16.3 ಲಕ್ಷ, ಅದರಲ್ಲಿ ಬಡ್ಡಿ ₹7.3 ಲಕ್ಷ. ಐದೈದು ವರ್ಷದಂತೆ ಎರಡು ಸಲ ಮುಂದುವರಿಸಿ ಅಷ್ಟೇ ಕಟ್ಟುತ್ತ ಹೋದರೆ 25 ವರ್ಷಕ್ಕೆ ₹41.2 ಲಕ್ಷ. ಕೊನೆಯ ಹತ್ತು ವರ್ಷದಲ್ಲೇ ಸುಮಾರು ₹19 ಲಕ್ಷ ಬಡ್ಡಿ. ಕಾಯಿ ಬಿಡುವ ಹೊತ್ತಿಗೆ ಮರ ಕಡಿಯಬೇಡಿ. ಕಟ್ಟುತ್ತ ಮುಂದುವರಿಸುವುದಾದರೆ ಅವಧಿ ಮುಗಿದ ಒಂದು ವರ್ಷದ ಒಳಗೆ ಅದಕ್ಕೆಂದೇ ಇರುವ ಅರ್ಜಿ ಕೊಡುವುದನ್ನು ಮರೆಯಬೇಡಿ.

ಅಟಲ್ ಪಿಂಚಣಿ ಮತ್ತು ಕಿಸಾನ್ ಮಾನ್‌ಧನ್: 18ರಿಂದ 40ರ ಒಳಗಿನ, ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿ. ಎರಡು ಹೆಕ್ಟೇರ್‌ವರೆಗಿನ ಸಣ್ಣ ರೈತರಿಗೆ 2019ರಲ್ಲಿ ಬಂದ ಕಿಸಾನ್ ಮಾನ್‌ಧನ್ ಯೋಜನೆಯಲ್ಲಿ 18ಕ್ಕೆ ಸೇರಿದರೆ ತಿಂಗಳಿಗೆ ₹55, 40ಕ್ಕೆ ಸೇರಿದರೆ ₹200. ಅಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. 60ರ ನಂತರ ತಿಂಗಳಿಗೆ ₹3,000.

ಎನ್‌ಪಿಎಸ್ ಮತ್ತು ಮ್ಯೂಚುವಲ್ ಫಂಡ್: ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್, 2009ರ ಮೇ ತಿಂಗಳಿಂದ ಎಲ್ಲರಿಗೂ ತೆರೆದಿದೆ. ವರ್ಷಕ್ಕೆ ₹1,000ದಿಂದ ಶುರು ಮಾಡಬಹುದು. ಇದರಲ್ಲೂ, ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿಯಲ್ಲೂ ಹಣದ ಒಂದು ಭಾಗ ಷೇರುಪೇಟೆಗೆ ಹೋಗುತ್ತದೆ. ಷೇರುಪೇಟೆ ಏರುವಂತೆ ಬೀಳುತ್ತದೆ ಕೂಡ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,200ಕ್ಕೂ ಕೆಳಗಿತ್ತು. ಆಗ 59 ವರ್ಷದವರಾಗಿದ್ದವರಿಗೆ ಅದು ಸಿಡಿಲು. 29 ವರ್ಷದವರಿಗೆ ಕಡಿಮೆ ಬೆಲೆಗೆ ಕೊಳ್ಳುವ ಅವಕಾಶ. 2024ರ ಜುಲೈನಲ್ಲಿ ಅದೇ ಸೂಚ್ಯಂಕ 80,000 ದಾಟಿತು. ಬೇಗ ಶುರು ಮಾಡಿದವರಿಗೆ ಸಿಗುವ ಇನ್ನೊಂದು ಬಲ ಇದು: ಬಿದ್ದದ್ದು ಏಳುವವರೆಗೆ ಕಾಯುವ ಶಕ್ತಿ. ಅರವತ್ತು ಹತ್ತಿರವಾದಂತೆ ಷೇರಿನ ಪಾಲನ್ನು ಇಳಿಸುತ್ತ ಬರಬೇಕು.

ಫಂಡಿನ ಖರ್ಚನ್ನೂ ನೋಡಿ. ವರ್ಷಕ್ಕೆ ₹60,000 ಕಟ್ಟಿ 35 ವರ್ಷ ಶೇ 10 ಸಿಕ್ಕರೆ ₹1.79 ಕೋಟಿ. ಒಂದು ಪರ್ಸೆಂಟ್ ಖರ್ಚಿಗೆ ಹೋಗಿ ಶೇ 9 ಉಳಿದರೆ ₹1.41 ಕೋಟಿ. ಒಂದು ಪರ್ಸೆಂಟಿನ ಬೆಲೆ ₹38 ಲಕ್ಷ. 2013ರಿಂದ ಮ್ಯೂಚುವಲ್ ಫಂಡುಗಳಲ್ಲಿ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳಿವೆ. ಅರ್ಥಮಾಡಿಕೊಂಡು ಆರಿಸಬಲ್ಲವರು ಅದನ್ನೇ ಆರಿಸಲಿ.

ಬೆಲೆ ಏರಿಕೆಯ ಮಾತು ಬಿಡುವಂತಿಲ್ಲ

ಕೋಟಿ ಎಂದಾಕ್ಷಣ ಹಿಗ್ಗಬಾರದು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, 35 ವರ್ಷದ ನಂತರದ ಒಂದು ಕೋಟಿಗೆ ಇರುವುದು ಇಂದಿನ ₹13 ಲಕ್ಷದ ಬೆಲೆ. ಇವತ್ತು ತಿಂಗಳಿಗೆ ₹30,000ದಲ್ಲಿ ನಡೆಯುವ ಮನೆಗೆ ಆಗ ₹2.3 ಲಕ್ಷ ಬೇಕು. 18ಕ್ಕೆ ಸೇರಿದವರ ಅಟಲ್ ಪಿಂಚಣಿಯ ₹5,000ಕ್ಕೆ 42 ವರ್ಷದ ನಂತರ ಇಂದಿನ ₹430ರ ಬೆಲೆಯಷ್ಟೇ ಉಳಿದಿರುತ್ತದೆ. ಆದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಚಕ್ರಬಡ್ಡಿ ನಮ್ಮ ಪರವಾಗಿ ದುಡಿಯುವಂತೆ ಬೆಲೆ ಏರಿಕೆ ನಮ್ಮ ವಿರುದ್ಧ ದುಡಿಯುತ್ತದೆ. ಬಡ್ಡಿ ಶೇ 8, ಬೆಲೆ ಏರಿಕೆ ಶೇ 6 ಇದ್ದರೆ ನಿಜವಾದ ಗಳಿಕೆ ಶೇ 2ರಷ್ಟೇ. ಇದಕ್ಕೆ ಮದ್ದು ಎರಡು. ವಯಸ್ಸು ಇರುವಾಗ ಸ್ವಲ್ಪ ಭಾಗವನ್ನು ಹೆಚ್ಚು ಬೆಳೆಯಬಲ್ಲ ಕಡೆ ಇಡುವುದು ಒಂದು. ಸಂಬಳ ಏರಿದಂತೆ ಕಟ್ಟುವ ಹಣವನ್ನೂ ಏರಿಸುವುದು ಇನ್ನೊಂದು. ಮೇಲಿನ ಅಕ್ಕ 25ರಿಂದ 60ರವರೆಗೆ ಕಟ್ಟುತ್ತಲೇ ಹೋಗಿ, ಪ್ರತಿ ವರ್ಷ ಶೇ 5ರಷ್ಟು ಹೆಚ್ಚಿಸಿದರೆ, ಅದೇ ಶೇ 8ರ ಬಡ್ಡಿಯಲ್ಲಿ ₹1.12 ಕೋಟಿಯ ಬದಲು ₹2 ಕೋಟಿ. ಮೊದಲ ವರ್ಷ ತಿಂಗಳಿಗೆ ₹5,000, ಎರಡನೆಯ ವರ್ಷ ₹5,250. ಇನ್‌ಕ್ರಿಮೆಂಟ್ ಬಂದ ತಿಂಗಳೇ ಮಾಡಿದರೆ ಭಾರ ಗೊತ್ತಾಗುವುದಿಲ್ಲ.

ನಲವತ್ತೈದು ಆಗಿಹೋಗಿದ್ದರೆ?

60ಕ್ಕೆ ₹50 ಲಕ್ಷ ಬೇಕು, ಶೇ 8 ಸಿಗುತ್ತದೆ ಎಂದಾದರೆ, 25ಕ್ಕೆ ಶುರು ಮಾಡಿದವರಿಗೆ ತಿಂಗಳಿಗೆ ಸುಮಾರು ₹2,250 ಸಾಕು. 35ಕ್ಕೆ ₹5,300 ಬೇಕು. 45ಕ್ಕೆ ₹14,200. ಹೊರೆ ದೊಡ್ಡದು, ನಿಜ. ಆದರೆ 45ಕ್ಕಿಂತ 46 ಇನ್ನೂ ದುಬಾರಿ. ಈ ವಯಸ್ಸಿನವರಿಗೆ ಕೆಲವು ಅನುಕೂಲಗಳೂ ಇವೆ. ಸಂಬಳ ಏರಿರುತ್ತದೆ, ಮನೆ ಸಾಲದ ಕಂತು ಮುಗಿಯುತ್ತ ಬಂದಿರುತ್ತದೆ. ಕಂತು ಮುಗಿದ ತಿಂಗಳಿಂದಲೇ ಅಷ್ಟೂ ಹಣವನ್ನು ನಿವೃತ್ತಿಯ ಖಾತೆಗೆ ತಿರುಗಿಸಿ. ಮೈಯಲ್ಲಿ ಶಕ್ತಿ ಇದ್ದರೆ ಎರಡು ಮೂರು ವರ್ಷ ಹೆಚ್ಚು ದುಡಿಯುವ ಯೋಚನೆ ಮಾಡಿ. ಆ ವರ್ಷಗಳಲ್ಲಿ ಗಂಟು ಬೆಳೆಯುತ್ತದೆ, ಅದನ್ನು ಮುರಿದು ತಿನ್ನಬೇಕಾದ ವರ್ಷಗಳೂ ಕಡಿಮೆಯಾಗುತ್ತವೆ. ತಡವಾಯಿತೆಂದು ಗಾಬರಿಯಾಗಿ ‘ಎರಡು ವರ್ಷದಲ್ಲಿ ಡಬಲ್’ ಎನ್ನುವವರ ಕೈಗೆ ಮಾತ್ರ ಹಣ ಕೊಡಬೇಡಿ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂಬ ಅಂದಾಜು ಸಿಗುತ್ತದೆ. ಶೇ 8ಕ್ಕೆ ಒಂಬತ್ತು ವರ್ಷ. ಎರಡು ವರ್ಷದಲ್ಲಿ ಎರಡರಷ್ಟು ಎಂದರೆ ವರ್ಷಕ್ಕೆ ಶೇ 40ರ ಮೇಲೆ ಬಡ್ಡಿ ಕೊಡುವ ಮಾತು. ಅಷ್ಟು ಕೊಡುತ್ತೇನೆ ಎನ್ನುವವರಿಂದ ದೂರ ಇರಿ.

ಈ ತಿಂಗಳೇ ಮಾಡಬಹುದಾದದ್ದು

• ಯುಎಎನ್ ಚಾಲ್ತಿಯಲ್ಲಿದೆಯೇ, ಹಳೆಯ ಕಂಪನಿಗಳ ಪಿಎಫ್ ಎಲ್ಲ ಒಂದೇ ಕಡೆ ಸೇರಿದೆಯೇ ನೋಡಿ.
• ಪಿಎಫ್ ಇಲ್ಲದವರು ಪಿಪಿಎಫ್ ಅಥವಾ ಎನ್‌ಪಿಎಸ್ ಖಾತೆ ತೆರೆಯಿರಿ. ಮೊತ್ತ ಚಿಕ್ಕದಿದ್ದರೂ ಪರವಾಗಿಲ್ಲ.
• ಸಂಬಳ ಬೀಳುವ ಮಾರನೆಯ ದಿನವೇ ಹಣ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಪಿಪಿಎಫ್ ಆದರೆ 5ನೇ ತಾರೀಖಿನ ಒಳಗೆ.
• ಪ್ರತಿ ಖಾತೆಗೂ ನಾಮಿನಿ ಹೆಸರು ಹಾಕಿಸಿ. ಯಾವ ಖಾತೆ ಎಲ್ಲಿದೆ ಎಂದು ಮನೆಯವರಿಗೆ ತಿಳಿಸಿ.
• ವರ್ಷಕ್ಕೊಮ್ಮೆ ಕಟ್ಟುವ ಹಣ ಹೆಚ್ಚಿಸಿ.

ಇದನ್ನು ಓದುತ್ತಿರುವ ಅನೇಕರು ಇಪ್ಪತ್ತು ಇಪ್ಪತ್ತೈದರ ಮಕ್ಕಳ ತಂದೆತಾಯಿಯರು ಎಂಬುದು ನನಗೆ ಗೊತ್ತು. ಈ ಲೆಕ್ಕದಿಂದ ಹೆಚ್ಚು ಲಾಭ ಆಗುವುದು ನಿಮಗಿಂತ ಅವರಿಗೆ. ಮಗಳಿಗೋ ಮಗನಿಗೋ ಮೊದಲ ಸಂಬಳ ಬಂದಾಗ ಸಿಹಿ ಹಂಚಿದ ಮೇಲೆ, ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಹತ್ತು ಸಾವಿರದ ಲೆಕ್ಕವನ್ನು ಅವರ ಕೈಯಿಂದಲೇ ಹಾಕಿಸಿ. ‘ಉಳಿಸು’ ಎಂಬ ಬುದ್ಧಿಮಾತನ್ನು ಅವರು ಕೇಳಿ ಕೇಳಿ ಬೇಸತ್ತಿರುತ್ತಾರೆ. ತಾವೇ ಒತ್ತಿದ ಗುಂಡಿಯಿಂದ ಬಂದ ಉತ್ತರವನ್ನು ನಂಬುತ್ತಾರೆ. ಆ ತಿಂಗಳೇ ಒಂದು ಖಾತೆ ತೆರೆಸಿ. ನೀವು ಅವರಿಗೆ ಕೊಡಬಹುದಾದ ಆಸ್ತಿಗಳಲ್ಲಿ ನಿಮಗೆ ಅತಿ ಕಡಿಮೆ ಖರ್ಚಿನದು ಇದೇ.